ಚೆಲುವಯ್ಯನ ಬೋಳು ಗಾಡಿ

ಚೆಲುವಯ್ಯನ ಪಿಕಪ್ ಗಾಡಿಯನ್ನು ನನ್ನ ಹಿತ್ತಲಿನ ಶೆಡ್ಡಿಗೆ ತಂದು ನಿಲ್ಲಿಸಿದ ದಿನದಿಂದ ನನಗೆ ಸರಿಯಾಗಿ ನಿದ್ದೆ ಇರಲಿಲ್ಲ. ಶೆಡ್ಡು ಕೊಡುತ್ತೇನೆಂದು ಒಪ್ಪಿದವಳು ನಾನೇ. ಚೆಲುವಯ್ಯ ತೀರಿಕೊಂಡ ಮೇಲೆ ಅವನ ಮಗಳು ವಾರಿಜಾ ಬಂದು, ಅಪ್ಪನ ಗಾಡಿಯನ್ನು ಬಿಚ್ಚಿ ಬೇರೆ ಥರ ಕಟ್ಟಬೇಕು, ಜಾಗ ಬೇಕಿತ್ತು ಎಂದು ಕೇಳಿದಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ. ಆದರೆ ಅದು ಬಂದ ರೀತಿ ನೋಡಿಯೇ ನನಗೆ ಹೆದರಿಕೆಯಾಯಿತು. ಖಾಲಿ ಗಾಡಿ. ಹಿಂದಿನ ತೊಟ್ಟಿಯಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲ. ಬೀದಿಯ ಗಂಡಸರೆಲ್ಲ ಸೇರಿ ತಳ್ಳಿದರೂ ಅದು ತೆವಳಿಕೊಂಡೇ ಬಂತು. ಗೇಟಿನ ಬಳಿ ಹಾಸಿದ್ದ ಚಪ್ಪಡಿ ಕಲ್ಲು ಅದರ ಚಕ್ರದಡಿ ಸಿಕ್ಕಿ ಪಟ್ಟೆಂದು ಒಡೆಯಿತು.

ನಮ್ಮೂರಲ್ಲಿ ಸಾಮಾನು ಇಳಿಸಿಕೊಂಡವರು ಗಾಡಿಯ ಮೇಲೆ ಅಂಗೈ ಇಟ್ಟು "ಇಳೀತು" ಅನ್ನಬೇಕು. ಅನ್ನದಿದ್ದರೆ ಮೂಟೆ ಮನೆಯೊಳಗೆ ಹೋದರೂ ಅದರ ಭಾರ ಗಾಡಿಯಲ್ಲೇ ಉಳಿದುಬಿಡುತ್ತದೆ. ಚಪ್ಪಲಿ ಹೊರಗೆ ಬಿಡುವುದನ್ನು ಕಲಿಸುವ ವಯಸ್ಸಿನಲ್ಲೇ ಮಕ್ಕಳಿಗೆ ಇದನ್ನೂ ಕಲಿಸುತ್ತೇವೆ. ಆದರೂ ಮದುವೆಮನೆಯ ಗಡಿಬಿಡಿಯಲ್ಲೋ, ಮಳೆ ಬಂತೆಂದೋ, ಗಂಡ ಹೆಂಡತಿ ಜಗಳದಲ್ಲೋ ಜನ ಮರೆಯುತ್ತಾರೆ. ಬೇರೆ ಡ್ರೈವರುಗಳಾದರೆ ವಾಪಸ್ಸು ಹೋಗಿ, ಬಾಗಿಲು ಬಡಿದು, ಬೈದು ಅನ್ನಿಸಿಕೊಂಡು ಬರುತ್ತಿದ್ದರು. ಚೆಲುವಯ್ಯ ಸಂಕೋಚದ ಮನುಷ್ಯ. ಇರಲಿ ಬಿಡಿ, ನಾಳೆ ಅಂದರಾಯಿತು ಎಂದು ಹೊರಟುಬಿಡುತ್ತಿದ್ದ. ಹಾಗೆ ವರ್ಷಗಟ್ಟಲೆ ಊರವರ ಅಕ್ಕಿ, ಬೀರು, ಒರಳುಕಲ್ಲು, ಮಂಚಗಳ ಭಾರವೆಲ್ಲ ಆ ಗಾಡಿಯಲ್ಲಿ ಒಂದರ ಮೇಲೊಂದು ಕೂತಿತ್ತು.

ವಾರಿಜಾ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವಳು. ನಲವತ್ತು ದಾಟಿದೆ, ಕೂದಲನ್ನು ಗಂಟು ಹಾಕಿ ಮೇಲೊಂದು ಟವೆಲ್ ಕಟ್ಟಿಕೊಂಡರೆ ಸಂಜೆಯವರೆಗೂ ಬಿಚ್ಚುವುದಿಲ್ಲ. ಅವಳ ಜೊತೆ ಟಿಂಕರ್ ಇಲಿಯಾಸ್. ಎಂಥ ಜಜ್ಜಿದ ತಗಡನ್ನೂ ಚಪಾತಿಯಂತೆ ಸಪಾಟು ಮಾಡುವವನು. ಅವನೇ ನನಗೆ ಚಿತ್ರಗಳನ್ನು ತೋರಿಸಿದ್ದು. ಹಳೆಯ ಗಾಡಿಗಳ ದುಂಡು ಮೂಗನ್ನಷ್ಟೇ ಉಳಿಸಿ, ಮಡ್‌ಗಾರ್ಡು ಕಿತ್ತು, ತಲೆ ಕತ್ತರಿಸಿ ಗಿಡ್ಡ ಮಾಡಿ, ಹೊಟ್ಟೆಗೆ ದೊಡ್ಡ ಎಂಜಿನ್ ಕೂರಿಸಿ, ನೆಲಕ್ಕೆ ತಾಗುವಂತೆ ತಗ್ಗಿಸಿ ಓಡಿಸುತ್ತಾರಂತೆ. ಅದಕ್ಕೆ ಹಾಟ್ ರಾಡ್ ಎಂದು ಹೆಸರು ಎಂದ. ನಮ್ಮೂರವರು ಎರಡೇ ದಿನದಲ್ಲಿ ಅದಕ್ಕೆ ಬೋಳು ಗಾಡಿ ಎಂದು ಹೆಸರಿಟ್ಟರು.

ಅಷ್ಟೆಲ್ಲ ಯಾಕಮ್ಮ ಎಂದು ನಾನು ಕೇಳಲಿಲ್ಲ. ನನಗೆ ಗೊತ್ತಿತ್ತು. ಮೇಲ್ಪೇಟೆಯಿಂದ ಕೆಳಪೇಟೆಗೆ ಇಳಿಯುವುದಕ್ಕೆ ನಮ್ಮೂರಲ್ಲಿ ಇರುವುದು ಒಂದೇ ಇಳಿಜಾರು. ನಡುವೆ ಹುಣಸೆಮರದ ತಿರುವು. ರಸ್ತೆ ಅಲ್ಲಿ ಗಕ್ಕನೆ ಬಲಕ್ಕೆ ಹೊರಳುತ್ತದೆ, ಎಡಗಡೆ ಹಳೆಯ ಕಲ್ಲುಕ್ವಾರಿ, ಅದರ ತುಂಬ ಹಸಿರು ನೀರು. ಇಳಿಜಾರಿನ ಬುಡದಲ್ಲಿ ಆಸ್ಪತ್ರೆ. ಕಾಲೇಜು ಮುಗಿಸಿ ನರ್ಸಿಂಗ್ ಕಲಿತು ಬಂದ ನಾನು ನಿವೃತ್ತಿಯಾಗುವವರೆಗೂ ದುಡಿದದ್ದು ಅಲ್ಲೇ. ವಾರಿಜಾ ಇನ್ನೂ ಲಂಗ ಹಾಕುತ್ತಿದ್ದ ಕಾಲದಲ್ಲಿ ಒಂದು ಬೆಳಿಗ್ಗೆ ವಾರ್ಡಿಗೆ ಫೋನ್ ಬಂತು. ಚೆಲುವಯ್ಯನ ಹೆಂಡತಿ ಸಾಕಮ್ಮನಿಗೆ ಹೆರಿಗೆ ಕಷ್ಟವಾಗಿದೆ, ರಕ್ತ ನಿಲ್ಲುತ್ತಿಲ್ಲ, ಅವನೇ ಗಾಡಿಯಲ್ಲಿ ಕರೆತರುತ್ತಿದ್ದಾನೆ ಎಂದು. ನಾನು ಸ್ಟ್ರೆಚರ್ ತೆಗೆಸಿಕೊಂಡು ಗೇಟಿಗೆ ಹೋಗಿ ನಿಂತೆ.

ಆ ಗಾಡಿ ಬರಲಿಲ್ಲ. ಹೊತ್ತಿದ್ದ ಭಾರಕ್ಕೆ ಬ್ರೇಕ್ ಹಿಡಿಯುವುದಿಲ್ಲವೆಂದು ಚೆಲುವಯ್ಯ ಫಸ್ಟ್ ಗೇರಿನಲ್ಲಿ, ಮನುಷ್ಯ ನಡೆದಷ್ಟು ನಿಧಾನಕ್ಕೆ ಇಳಿಸಿಕೊಂಡು ಬಂದನಂತೆ. ಹೆಂಡತಿಯನ್ನು ಮುಂದೆ ತನ್ನ ಎಡಕ್ಕೆ ಸೀಟಿನ ಮೇಲೆ ಒರಗಿಸಿ ಮಲಗಿಸಿದ್ದ. ಮಗಳು ಹಿಂದಿನ ತೊಟ್ಟಿಯಲ್ಲಿ ಕೂತು ಗಾಜಿನಿಂದ ನೋಡುತ್ತಿದ್ದಳು. ಹುಣಸೆಮರದ ತಿರುವಿನಲ್ಲಿ ಅವನು ಗಾಡಿ ನಿಲ್ಲಿಸಿದ. ಅಷ್ಟರಲ್ಲಿ ಸಾಕಮ್ಮನ ಉಸಿರು ನಿಂತಿತ್ತು. ಗಾಡಿಯನ್ನು ಹಿಂದೆ ತಿರುಗಿಸಿಕೊಂಡು ಮನೆಗೆ ಹೋದ. ನಾನು ಡ್ಯೂಟಿ ಮುಗಿಯುವವರೆಗೂ ಗೇಟಿನಲ್ಲೇ ಇದ್ದೆ.

ಈಗ ವಾರಿಜಾಳಿಗೆ ಅದೇ ಗಾಡಿಯನ್ನು ಅದೇ ಇಳಿಜಾರಿನಲ್ಲಿ ಆಸ್ಪತ್ರೆಯ ಗೇಟಿನವರೆಗೆ ಜೋರಾಗಿ ಓಡಿಸಬೇಕು. ಅಷ್ಟೇ ಅವಳ ಆಸೆ. ಆ ತಿರುವನ್ನು ನೆನೆದು ನೆನೆದು ಒಲೆ ಮೇಲೆ ಹಾಲಿಟ್ಟು ಮರೆಯತೊಡಗಿದೆ. ಬಿ.ಪಿ. ಮಾತ್ರೆ ನುಂಗಿದೆನೋ ಇಲ್ಲವೋ ಎಂದು ಡಬ್ಬಿ ಅಲ್ಲಾಡಿಸಿ ನೋಡುವಂತಾಯಿತು.

ಮೊದಲು ಭಾರ ಇಳಿಸಬೇಕಿತ್ತು. ಭಾರ ಇದ್ದರೆ ಎಂಥ ಎಂಜಿನ್ ಹಾಕಿಯೂ ಪ್ರಯೋಜನವಿಲ್ಲ. ಮರೆತವರೆಲ್ಲ ದಯವಿಟ್ಟು ಬಂದು ಅಂದುಹೋಗಿ ಎಂದು ವಾರಿಜಾ ಹಾಲಿನ ಬೂತಿನಲ್ಲಿ, ಮಸೀದಿ ಮುಂದೆ, ರೇಷನ್ ಅಂಗಡಿಯಲ್ಲಿ ಹೇಳಿಸಿದಳು. ಜನ ಬರುತ್ತಾರೆಂದು ನನಗೆ ನಂಬಿಕೆ ಇರಲಿಲ್ಲ. ಬಂದರು. ತಲೆ ತಗ್ಗಿಸಿಕೊಂಡು, ಪಕ್ಕದಮನೆಯವರು ನೋಡಿಯಾರೆಂದು ಸೆರಗು ಹೊದ್ದುಕೊಂಡು ಬಂದರು. ಬಂದವರೆಲ್ಲರ ಕೈಯಲ್ಲೂ ಏನಾದರೊಂದು, ಕಟ್ಟು ಸೊಪ್ಪೋ, ನಾಲ್ಕು ನಿಂಬೆಹಣ್ಣೋ, ಇರುತ್ತಿತ್ತು. ಬೀರು ಇಳಿಸಿಕೊಂಡವಳು ಮುದುಕಿಯಾಗಿದ್ದಳು. ಅಂಗೈಯಿಟ್ಟು "ಇಳೀತು" ಅಂದು, ತೊಟ್ಟಿಯ ತಗಡನ್ನು ಎಮ್ಮೆಯ ಬೆನ್ನು ಸವರುವಂತೆ ಸವರಿ ಹೋದಳು. ಒಬ್ಬೊಬ್ಬರು ಅಂದಾಗಲೂ ಹಿಂದಿನ ಚಕ್ರಗಳ ಮೇಲಿನ ಸ್ಪ್ರಿಂಗ್ ಪಟ್ಟಾಗಳು ಕಿರುಗುಟ್ಟಿ ಒಂದು ಕೂದಲೆಳೆಯಷ್ಟು ಮೇಲೇಳುತ್ತಿದ್ದವು.

ಆ ದಿನಗಳಲ್ಲಿ ಎಣ್ಣೆಮಿಲ್ಲಿನ ಹೊನ್ನಪ್ಪ ಒಂದು ಎಡವಟ್ಟು ಮಾಡಿಕೊಂಡ. ಅವನ ಗೆಳೆಯನೊಬ್ಬ ರುಬ್ಬುವ ಕಲ್ಲು ತರಿಸಿಕೊಂಡು ಅನ್ನುವುದನ್ನು ಮರೆತಿದ್ದ, ಆಮೇಲೆ ಸತ್ತೇಹೋಗಿದ್ದ. ಸತ್ತವನಿಗೆ ಕೆಟ್ಟ ಹೆಸರು ಯಾಕೆಂದು ಹೊನ್ನಪ್ಪ ತಾನೇ ಬಂದು, ಆ ಕಲ್ಲು ನನ್ನದೇ ಎಂದು ಸುಳ್ಳು ಹೇಳಿ ಕೈಯಿಟ್ಟು "ಇಳೀತು" ಅಂದ. ತನ್ನದಲ್ಲದ್ದಕ್ಕೆ ಹಾಗೆ ಅಂದರೆ ಭಾರ ಅಂದವನ ಮೇಲೆಯೇ ಕೂರುತ್ತದೆ. ಹೊನ್ನಪ್ಪ ಅಲ್ಲೇ ಕಲ್ಲುಬೆಂಚಿನ ಮೇಲೆ ಕುಸಿದ. ಆ ಗೆಳೆಯನ ಸೊಸೆ ತವರಿನಿಂದ ಬಂದು, ಆವತ್ತು ಕಲ್ಲನ್ನು ಒಳಗಿಟ್ಟುಕೊಂಡವಳು ನಾನೇ ಎಂದು ಅವನ ಬೆನ್ನ ಮೇಲೆ ಕೈಯಿಟ್ಟು "ಇಳೀತು" ಅನ್ನುವವರೆಗೂ ಅವನು ಗೂನು ಬೆನ್ನಿನಲ್ಲೇ ಎಣ್ಣೆ ಮಾರಿದ.

"ಮಾಮ, ಇನ್ನೊಂದೆರಡು ದಿನ ಇಟ್ಕೊಂಡಿದ್ರೆ ಚಟ್ನಿ ರುಬ್ಕೋಬೋದಿತ್ತು" ಎಂದ ಇಲಿಯಾಸ್.

"ನಗು ನಗು. ನೀನು ಸತ್ತಾಗ ನಿನ್ನ ವೆಲ್ಡಿಂಗ್ ಮೆಷಿನ್ನು ಯಾರು ಹೊರ್ತಾರೋ ನೋಡ್ತೀನಿ" ಎಂದ ಹೊನ್ನಪ್ಪ.

ಭಾರ ಇಳಿದ ಹಾಗೆಲ್ಲ ಕೆಲಸಕ್ಕೆ ಹುರುಪು ಬಂತು. ಮಡ್‌ಗಾರ್ಡುಗಳನ್ನು ಕಿತ್ತರು. ತಲೆಯನ್ನು ಒಂದು ಗೇಣು ಕತ್ತರಿಸಿ ಮತ್ತೆ ಬೆಸೆದಾಗ ಗಾಡಿ ಹುಬ್ಬು ಗಂಟಿಕ್ಕಿದಂತೆ ಕಾಣತೊಡಗಿತು. ಗುಜರಿಯಿಂದ ಒಂದು ಲಾರಿಯ ಎಂಜಿನ್ ತಂದು ವಾರಿಜಾ ಅದರ ಒಂದೊಂದು ಭಾಗವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ನನ್ನ ಹಪ್ಪಳ ಒಣಗಿಸುವ ಚಾಪೆಯ ಮೇಲೆ ಸಾಲಾಗಿ ಇಟ್ಟಳು. ಆ ಎಂಜಿನ್ ಒಳಗೆ ಹಿಡಿಸಲೆಂದು ಬಾನೆಟ್ಟಿನ ಎರಡು ಪಕ್ಕಗಳನ್ನೂ ತೆಗೆದೇಬಿಟ್ಟರು. ಹಿಂದಕ್ಕೆ ಅಗಲ ಚಕ್ರ, ಮುಂದಕ್ಕೆ ಸಣ್ಣವು. ಹಳೆಯ ಬ್ರೇಕ್ ಬಿಸಾಕಿ ನಾಲ್ಕಕ್ಕೂ ಡಿಸ್ಕ್ ಬ್ರೇಕ್ ಹಾಕಿಸಿ ಎಂದು ನಾನು ಹಟ ಹಿಡಿದೆ. ಅದು ಅವಳ ಲೆಕ್ಕದಲ್ಲಿ ಮೊದಲೇ ಇತ್ತು. ಆದರೂ, "ಆಗ್ಲಿ ಸಿಸ್ಟರಮ್ಮ, ನೀವು ಹೇಳಿದ್ದು ಒಳ್ಳೇದಾಯ್ತು" ಎಂದಳು. ಮಧ್ಯಾಹ್ನ ನಾನು ಮಲಗುವ ಹೊತ್ತಿಗೆ ಇಲಿಯಾಸ್ ಗ್ರೈಂಡರ್ ನಿಲ್ಲಿಸಿ ಬರೀ ಉಪ್ಪುಕಾಗದ ಹಿಡಿದು ಉಜ್ಜುತ್ತಿದ್ದ. ಮಲಗಿದರೂ ನನಗೆ ನಿದ್ದೆ ಬರುತ್ತಿರಲಿಲ್ಲ, ಆದರೆ ಆ ಸರಸರ ಸದ್ದು ಕೇಳಿಸಿಕೊಳ್ಳುತ್ತ ಕಣ್ಣು ಮುಚ್ಚಿಕೊಂಡಿರುತ್ತಿದ್ದೆ.

ಬಣ್ಣಕ್ಕೆ ಮುಂಚೆ ಪ್ರೈಮರ್ ಹೊಡೆದು ಸಪಾಟು ನೆಲದ ಮೇಲೆ ನಿಲ್ಲಿಸಿದಾಗ ಇಲಿಯಾಸ್ ದೂರ ಹೋಗಿ ಒಂದು ಕಣ್ಣು ಮುಚ್ಚಿ ನೋಡಿದ. ಗಾಡಿ ಎಡಕ್ಕೆ ವಾಲಿತ್ತು. ಎಡಗಡೆ ಪಟ್ಟಾ ಸತ್ತಿದೆ ಎಂದು ಅದಕ್ಕೆ ಇನ್ನೊಂದು ಉಕ್ಕಿನ ಎಲೆ ಸೇರಿಸಿದ. ಹಾಗೆಯೇ ವಾಲಿತು. ಮತ್ತೊಂದು ಸೇರಿಸಿದ. ಚಾಸಿ ಸೊಟ್ಟಗಿದೆಯೇನೋ ಎಂದು ದಾರ ಹಿಡಿದು ಮೂಲೆಯಿಂದ ಮೂಲೆಗೆ ಅಳೆದ. ನೇರವಾಗಿಯೇ ಇತ್ತು. ಇನ್ನೂ ಯಾರೋ ಅನ್ನುವವರು ಬಾಕಿ ಇದ್ದಾರೆ ಎಂದು ಅವನು ತೊಟ್ಟಿಯನ್ನೆಲ್ಲ ತಟ್ಟಿ ನೋಡಿದ. ನಮ್ಮೂರವರು ಯಾರೇ ಆಗಲಿ ಹಾಗೆಯೇ ಮಾಡುತ್ತಿದ್ದರು. ಭಾರವೆಂದರೆ ತೊಟ್ಟಿಯಲ್ಲೇ ಹುಡುಕುವ ಅಭ್ಯಾಸ ನಮಗೆ. ತಾವಾಗಿ ಹತ್ತಿ ತಾವಾಗಿ ಇಳಿಯುವ ಮನುಷ್ಯರ ಭಾರ ಉಳಿಯುವುದಿಲ್ಲವಲ್ಲ, ಮುಂದಿನ ಸೀಟನ್ನು ಯಾರೂ ನೋಡುವುದಿಲ್ಲ.

ಹಳೆಯ ಸೀಟು ಕಿತ್ತು ಹಾಕಿ ಆಗಲೇ ತಿಂಗಳಾಗಿತ್ತು. ವಾರಿಜಾ ಆ ಖಾಲಿ ಜಾಗದ ಪಕ್ಕ ನಿಂತಿದ್ದಳು. ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟಳು.

"ಇಲಿಯಾಸ್, ಪಟ್ಟಾ ಬಿಟ್ಬಿಡು. ಅದು ನಮ್ಮವ್ವ."

ಇಲಿಯಾಸ್ ದಾರ ಸುತ್ತಿಕೊಳ್ಳುವುದನ್ನು ನಿಲ್ಲಿಸಿದ. ಸಾಕಮ್ಮ ತಾನಾಗಿ ಹತ್ತಿರಲಿಲ್ಲ, ಚೆಲುವಯ್ಯ ಎತ್ತಿ ಮಲಗಿಸಿದ್ದ. ಮನೆಯಲ್ಲಿ ಇಳಿಸಿಕೊಂಡಾಗ ಯಾರೂ ಅನ್ನಲಿಲ್ಲ. ಹೆಣ ಇಳಿಸಿಕೊಂಡು ಯಾರು ತಾನೇ ಅಂದಾರು? ಅಂದಿದ್ದರೂ ಅದು ಅವರ ಮೇಲೆ ಕೂರುತ್ತಿತ್ತು. ಅರ್ಧದಾರಿಯಿಂದ ವಾಪಸ್ಸು ಬಂದದ್ದರ ಭಾರವನ್ನು, ಅದು ಎಲ್ಲಿಗೆಂದು ಹೊರಟಿತ್ತೋ ಅಲ್ಲಿಗೇ ಕೊಂಡೊಯ್ದು, ಅಲ್ಲಿ ಕಾದಿದ್ದವರ ಕೈಯಲ್ಲೇ ಅನ್ನಿಸಬೇಕು. ಚೆಲುವಯ್ಯ ಬದುಕಿರುವವರೆಗೂ ಮತ್ತೆ ಆ ತಿರುವು ದಾಟಲಿಲ್ಲ. ಮೇಲ್ಪೇಟೆಯ ಬಾಡಿಗೆಯಷ್ಟನ್ನೇ ಹೊಡೆದ.

ಇಬ್ಬರೂ ನನ್ನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ಅವರ ಒಳ್ಳೆಯತನ. ಆವತ್ತು ಗೇಟಿನಲ್ಲಿ ಕಾದಿದ್ದವಳು ನಾನೆಂದು ಊರಿಗೆಲ್ಲ ಗೊತ್ತಿದ್ದದ್ದೇ. ನಾನು ಒಳಗೆ ಹೋಗಿ ಟೀ ಮಾಡಿದೆ. ಡ್ಯೂಟಿ ಮುಗಿಯಿತೆಂದು ಮನೆಗೆ ಹೋದವಳು ಕಾದಿದ್ದವಳು ಹೌದೋ ಅಲ್ಲವೋ? ಅಲ್ಲವಾದರೆ ನಾನು ಅಂದ ಕೂಡಲೇ ತುಂಬು ಬಸುರಿಯ ಭಾರ ಈ ಮುದಿ ಹೆಗಲ ಮೇಲೆ ಬೀಳುತ್ತದೆ. ಹೊನ್ನಪ್ಪನಿಗೆ ಗೆಳೆಯನ ಸೊಸೆ ಸಿಕ್ಕಳು, ನನ್ನ ಪಾಲಿಗೆ ಯಾರು ಬರುತ್ತಾರೆ?

ಟೀ ಕೊಡುವಾಗ ಬೇರೇನೂ ತೋಚದೆ, ನಾನು ಗೇಟಿನಲ್ಲಿ ನಿಲ್ಲುತ್ತೇನೆ, ಆದರೆ ನೀನು ನಿಧಾನವಾಗಿ ಇಳಿಸಿಕೊಂಡು ಬಾ ಎಂದೆ. ಎಡಕ್ಕೆ ಭಾರ, ತಿರುವಿನಲ್ಲಿ ಎಡಕ್ಕೇ ಕ್ವಾರಿ. ಜೋರಾಗಿ ಬಂದರೆ ಗಾಡಿ ಮಗುಚುತ್ತದೆ ಎಂದು ನನಗೇ ಹೊಳೆಯುತ್ತಿರುವಾಗ ಮೆಕ್ಯಾನಿಕ್ಕಾದ ಅವಳಿಗೆ ಗೊತ್ತಿಲ್ಲವೇ ಎಂದೂ ಕೇಳಿದೆ.

ವಾರಿಜಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಿಧಾನವಾಗಿ ಒಂದ್ಸಲ ಹೋಗಿದ್ದಾಯ್ತಲ್ಲ, ಸಿಸ್ಟರಮ್ಮ" ಎಂದಳು.

ನೀನೇ ಅಂದುಬಿಡಕ್ಕ, ಮಗಳಲ್ಲವೇ, ಹೊತ್ತುಕೊಳ್ಳಬಹುದು ಎಂದು ಇಲಿಯಾಸ್ ಮೆಲ್ಲಗೆ ಹೇಳಿ ನೋಡಿದ. ಹೊರುವುದು ಕಷ್ಟವೇನಲ್ಲ, ಆದರೆ ಅವ್ವ ಹೊರಟದ್ದು ನನ್ನ ಹೆಗಲಿಗಲ್ಲ, ಆಸ್ಪತ್ರೆಗೆ ಎಂದುಬಿಟ್ಟಳು. ಆಮೇಲೆ ಅವನು ಬ್ಯಾಟರಿ, ಡೀಸೆಲ್ ಟ್ಯಾಂಕು, ಜಾಕು ಎಲ್ಲವನ್ನೂ ಬಲಕ್ಕೆ ಸಾಗಿಸಿದ. ಬಲಕ್ಕೆ ಮರಳಿನ ಮೂಟೆ ಹಾಕೋಣವೆಂದರೆ ಅವಳು ಒಪ್ಪಲಿಲ್ಲ. ಊರವರೆಲ್ಲ ಬಂದು ಇಳಿಸಿದ ಮೇಲೆ ಮತ್ತೆ ಮೂಟೆ ಹೇರುವುದು ಬೇಡ ಎಂದಳು. ಎಡಗಡೆ ಹೊಸದೊಂದು ಸೀಟು ಕೂರಿಸಿ, ಬೆನ್ನನ್ನು ಹಿಂದಕ್ಕೆ ಒರಗಿಸಿ, ಅಗಲವಾದ ಬೆಲ್ಟ್ ಹಾಕಿದರು. ಗಾಡಿಗೆ ಬದನೆಕಾಯಿ ಬಣ್ಣ ಹೊಡೆದರು. ಎಂಜಿನ್ ಶುರುಮಾಡಿದ ದಿನ ನನ್ನ ಅಡುಗೆಮನೆಯ ಡಬ್ಬಿಗಳೆಲ್ಲ ಒಂದಕ್ಕೊಂದು ಬಡಿದುಕೊಂಡವು. ಚೆನ್ನಾಗಿದೆ ಎಂದು ಹೇಳಲು ಹೋದವಳು ಹೆದರಿಕೆಯಲ್ಲಿ ಅತ್ತುಬಿಟ್ಟೆ. ವಾರಿಜಾ ಓಡಿಬಂದು ಕಿವಿಗೆ ಹತ್ತಿ ತಂದುಕೊಟ್ಟಳು.

ಗೊತ್ತುಮಾಡಿದ ಭಾನುವಾರ ಬೆಳಿಗ್ಗೆ ನಾನು ಕಿವಿಗೆ ಅದೇ ಹತ್ತಿ ಇಟ್ಟುಕೊಂಡು ಆಟೋದಲ್ಲಿ ಕೆಳಪೇಟೆಗೆ ಹೊರಟೆ. ಹುಣಸೆಮರದ ತಿರುವು ಬಂದಾಗ ಕಣ್ಣು ಮುಚ್ಚಿಕೊಳ್ಳಬೇಕೆಂದಿದ್ದೆ. ಆದರೆ ಅಲ್ಲಿ ಜನ ಇದ್ದರು. ಬೀರು ಇಳಿಸಿಕೊಂಡ ಮುದುಕಿ ತೆಂಗಿನ ಪೊರಕೆ ಹಿಡಿದು ರಸ್ತೆಯ ಜಲ್ಲಿ ಗುಡಿಸುತ್ತಿದ್ದಳು. ಅವಳ ಹಿಂದೆ ಇನ್ನೂ ಹಲವರು, ಎಲ್ಲ ನನ್ನ ಶೆಡ್ಡಿಗೆ ತಲೆ ತಗ್ಗಿಸಿಕೊಂಡು ಬಂದಿದ್ದವರೇ. ಅವರ ಹತ್ತಿರ ಸಾಕಮ್ಮನ ಸುದ್ದಿ ಯಾರೂ ಎತ್ತಿರಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ಕ್ವಾರಿಯ ಅಂಚಿನುದ್ದಕ್ಕೂ ಹೊನ್ನಪ್ಪ ತನ್ನ ಮಿಲ್ಲಿನ ಕಡಲೆಕಾಯಿ ಸಿಪ್ಪೆಯನ್ನು ಗೋಣಿಚೀಲಕ್ಕೆ ತುಂಬಿ ತುಂಬಿ ಗೋಡೆಯಂತೆ ಪೇರಿಸುತ್ತಿದ್ದ. ಸಿಪ್ಪೆ ಎಷ್ಟರ ಮಟ್ಟಿಗೆ ತಡೆದೀತು ಎಂದುಕೊಂಡೆ. ಆದರೂ ಅವನು ಒಂದೊಂದು ಚೀಲವನ್ನೂ ತಟ್ಟಿ ತಟ್ಟಿ ಕೂರಿಸುತ್ತಿದ್ದುದನ್ನು ಕತ್ತು ಹೊರಳಿಸಿ ನೋಡಿದೆ.

ಆಸ್ಪತ್ರೆಯ ಗೇಟು ಅದೇ. ಬಣ್ಣ ಮಾತ್ರ ಬೇರೆ. ನಾನು ಹಿಂದೆ ನಿಂತಿದ್ದ ಜಾಗದಲ್ಲೇ ಹೋಗಿ ನಿಂತೆ. ಅಲ್ಲಿಂದ ಇಳಿಜಾರು ಕಾಣುವುದಿಲ್ಲ, ಕೊನೆಯ ತುಂಡು ರಸ್ತೆ ಮಾತ್ರ ಕಾಣುತ್ತದೆ. ಡ್ಯೂಟಿಯಲ್ಲಿದ್ದ ಸಿಸ್ಟರ್ ನನ್ನ ಮೊಮ್ಮಗಳ ವಯಸ್ಸಿನವಳು, ನನ್ನನ್ನು ಕಂಡರಿಯದವಳು. ಹೊರಗೆ ಬಂದು ಯಾರಿಗೆ ಕಾಯ್ತಿದ್ದೀರ ಅಜ್ಜಿ ಎಂದು ಕೇಳಿದಳು. ಪೇಷೆಂಟ್ ಬರ್ತಿದ್ದಾರೆ ಅಂದೆ. ಅವಳು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ವಾರ್ಡ್‌ಬಾಯ್ ಮಲ್ಲೇಶಿಯ ಕೈಲಿ ಸ್ಟ್ರೆಚರ್ ತಳ್ಳಿಸಿಕೊಂಡು ಬಂದು, ಅದರ ಮೇಲೆ ಒಗೆದ ಬಿಳಿ ಹೊದಿಕೆ ಹಾಸಿ, ನನ್ನ ಪಕ್ಕ ನಿಂತಳು.

ಮೇಲೆಲ್ಲೋ ಗುಡುಗಿದಂತಾಯಿತು. ಎಂಜಿನ್ನಿನ ಸದ್ದು. ಅಂಗೈಯನ್ನು ಸೀರೆಗೆ ಒರೆಸಿಕೊಂಡೆ. ಸದ್ದು ಏರುತ್ತ ಬಂತು. ಆಮೇಲೆ ಇದ್ದಕ್ಕಿದ್ದಂತೆ ನಿಂತುಹೋಯಿತು.

ತಿರುವು. ತಿರುವಿನಲ್ಲೇ ನಿಂತದ್ದು. ಹಿಂದೆ ಕೂಡ ಅಲ್ಲೇ. ನಾನು ಗೇಟಿನ ಸರಳು ಹಿಡಿದುಕೊಂಡೆ. ನೀರಿಗೆ ಬಿದ್ದ ಸದ್ದು ಕೇಳಿಸುತ್ತದೇನೋ ಎಂದು ಕಿವಿಯ ಹತ್ತಿಯನ್ನು ಕಿತ್ತುಹಾಕಿದೆ. ಸಿಸ್ಟರ್ ನನ್ನ ಮೊಣಕೈ ಹಿಡಿದಳು. ಕಾಗೆಗಳು ಕೂಗುತ್ತಿದ್ದವು. ಈ ಸಲ ಎಷ್ಟು ಹೊತ್ತಾದರೂ ಇಲ್ಲಿಂದ ಕದಲುವುದಿಲ್ಲ, ಕತ್ತಲಾದರೂ, ನಾಳೆಯಾದರೂ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಆಗ ಸದ್ದು ಮತ್ತೆ ಬಂತು, ಈಗ ಹುಣಸೆಮರದ ಈಚೆಗೆ. ತಿರುವಿನಲ್ಲಿ ಆಕ್ಸಲರೇಟರಿನ ಮೇಲಿಂದ ಕಾಲು ತೆಗೆದು, ಬ್ರೇಕ್ ಮುಟ್ಟದೆ, ಸ್ಟೇರಿಂಗನ್ನು ಬಲಕ್ಕೆ ಎಳೆದುಕೊಂಡು ತೇಲಿಸಿದೆ ಎಂದು ವಾರಿಜಾ ಆಮೇಲೆ ಹೇಳಿದಳು. ಗೋಣಿಚೀಲದ ಗೋಡೆಯಲ್ಲಿ ಒಂದೇ ಒಂದು ಚೀಲ ಹರಿದು ಕಡಲೆಕಾಯಿ ಸಿಪ್ಪೆ ರಸ್ತೆ ತುಂಬ ಹಾರಾಡಿತಂತೆ. ಬದನೆಕಾಯಿ ಬಣ್ಣದ ಮೂಗು ರಸ್ತೆಯ ಕೊನೆಯಲ್ಲಿ ಕಾಣಿಸಿತು. ಕಂಡಿತು ಅನ್ನುವುದರೊಳಗೆ ದೂಳೆಬ್ಬಿಸಿಕೊಂಡು ನನ್ನ ಮುಂದೆ ಬಂದು ನಿಂತಿತು.

ವಾರಿಜಾ ಇಳಿಯಲಿಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲೆಯೇ ಇದ್ದವು, ನೋಟ ನೇರಕ್ಕೆ. ಟವೆಲ್ ಎಲ್ಲೋ ಹಾರಿಹೋಗಿ ಕೂದಲು ಬಿಚ್ಚಿಕೊಂಡಿತ್ತು. ನಾನು ಎಡಗಡೆಗೆ ಹೋದೆ. ಸೀಟಿನ ಬೆಲ್ಟ್ ಬಿಗಿಯಾಗಿ ಎಳೆದುಕೊಂಡಿತ್ತು. ಬಿಚ್ಚಿದೆ. ಮಲ್ಲೇಶಿ ಸ್ಟ್ರೆಚರನ್ನು ಗಾಡಿಗೆ ಒತ್ತಿ ನಿಲ್ಲಿಸಿದ. ಬಾಗಿಲಿನ ತಗಡು ಬಿಸಿಯಾಗಿತ್ತು, ಅದರ ಮೇಲೆ ಅಂಗೈ ಇಟ್ಟೆ. ಹೆಗಲು ತಾನಾಗಿಯೇ ಕುಗ್ಗಿಕೊಂಡಿತು. ಬೀಳುವುದಾದರೆ ಬೀಳಲಿ ಎಂದುಕೊಂಡೆ.

"ಇಳೀತು" ಅಂದೆ.

ಎಡಗಡೆಯ ಪಟ್ಟಾ ಕಿರುಗುಟ್ಟಿತು. ಇಲಿಯಾಸ್ ಸೇರಿಸಿದ್ದ ಹೆಚ್ಚಿನ ಎಲೆಗಳೆಲ್ಲ ಒಟ್ಟಿಗೆ ಬಿಚ್ಚಿಕೊಂಡು ಗಾಡಿ ನಿಧಾನವಾಗಿ ಎಡಗಡೆ ಮೇಲೆದ್ದಿತು. ನನ್ನ ಹೆಗಲ ಮೇಲೆ ಏನೂ ಬೀಳಲಿಲ್ಲ.

"ಹೊತ್ತಾಯ್ತಾ, ಸಿಸ್ಟರಮ್ಮ?" ವಾರಿಜಾ ಕೇಳಿದಳು. ಇನ್ನೂ ನನ್ನ ಕಡೆ ತಿರುಗಿರಲಿಲ್ಲ.

"ಇಲ್ಲ ಕಣೇ. ಬೇಗ ಬಂದ್ರಿ."

ಆಗ ಅವಳು ಸ್ಟೇರಿಂಗ್ ಬಿಟ್ಟು ಕೆಳಗಿಳಿದಳು. ಮಲ್ಲೇಶಿ ಖಾಲಿ ಸ್ಟ್ರೆಚರನ್ನು ಒಂದೇ ಕೈಯಲ್ಲಿ ತಿರುಗಿಸಲು ಹೋದ. ಅದು ಕದಲಲಿಲ್ಲ. ಒಗೆದ ಹೊದಿಕೆಯ ನಡುವೆ ಸಣ್ಣ ತಗ್ಗು ಬಿದ್ದಿತ್ತು. ಅವನು ಎರಡೂ ಕೈ ಹಚ್ಚಿ, ಕಾಲೂರಿ ತಳ್ಳಿದ. ಒಂದು ಪಕ್ಕ ಸಿಸ್ಟರ್, ಇನ್ನೊಂದು ಪಕ್ಕ ವಾರಿಜಾ ಹಿಡಿದುಕೊಂಡರು. ನಾನು ಹಿಂದೆ ನಡೆದೆ. ಬಾಗಿಲ ಹೊಸ್ತಿಲ ಹತ್ತಿರ ಮಲ್ಲೇಶಿ ಒಂದು ಗಳಿಗೆ ನಿಂತು, ಬರುವ ಪೇಷೆಂಟುಗಳಿಗೆಲ್ಲ ಹೇಳುವಂತೆಯೇ ತಲೆ ಬಗ್ಗಿಸಿ, ಮೆತ್ತಗೆ, "ಸ್ವಲ್ಪ ಅಲುಗುತ್ತೆ ಕಣಮ್ಮ, ಹೆದರ್ಬೇಡಿ" ಎಂದ.